ತೂಬಿನ ಬಳಿ ನಿಂತವನು

ಚುಂಚನಕಟ್ಟೆಗೆ ಹೋದವರು ನೋಡುವುದು ಕೋದಂಡರಾಮನ ಗುಡಿಯನ್ನು, ಧುಮುಕುವ ಕಾವೇರಿಯನ್ನು, ಸಂಕ್ರಾಂತಿಯ ಆಸುಪಾಸಿನ ದನಗಳ ಜಾತ್ರೆಯನ್ನು. ನಾನೂ ನೋಡಿದೆ. ಆದರೆ ಊರ ಹೆಸರಿನಲ್ಲೇ ಕುಳಿತಿರುವ ‘ಕಟ್ಟೆ’ ಎಂಬ ಮಾತು ನನ್ನನ್ನು ಬೇರೆಡೆಗೆ ಎಳೆಯಿತು. ಹೊಳೆಗೆ ಕಟ್ಟೆ ಹಾಕಿಸಿದ ದೊರೆಗಳ ಹೆಸರು ಶಾಸನಕ್ಕೇರುವುದುಂಟು. ನಾಲೆಯ ನೀರನ್ನು ಗದ್ದೆಗದ್ದೆಗೆ ಹಂಚಿದವನ ಹೆಸರನ್ನು ಯಾರು ಕೆತ್ತಿಸಿದರು?

ಅವನೇ ನೀರುಗಂಟಿ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಸಾಹೇಬರು 1810ರಲ್ಲಿ ಪ್ರಕಟವಾದ ತಮ್ಮ ಚರಿತ್ರೆಯಲ್ಲಿ ಹಳ್ಳಿಯ ಹನ್ನೆರಡು ಆಯಗಾರರನ್ನು ಎಣಿಸುವಾಗ ಗೌಡ, ಶಾನುಭೋಗ, ತಳವಾರ, ತೋಟಿಗಳ ಜೊತೆಗೆ ಇವನನ್ನೂ ಹೆಸರಿಸಿದ್ದಾರೆ. ಈ ಪಟ್ಟಿಯಲ್ಲಿ ಹೊಣೆಯ ಮೆಟ್ಟಿಲುಗಳು ಕಾಣುತ್ತವೆ. ತೋಟಿ ಹೇಳಿದ ಕೆಲಸ ಮಾಡುವವನು; ಶಾನುಭೋಗ ಲೆಕ್ಕಕ್ಕೆ ಹೊಣೆ; ಗೌಡ ಕಂದಾಯಕ್ಕಾಗಿ ಸರ್ಕಾರದ ಮುಂದೆ ಜವಾಬು ಹೇಳಬೇಕಾದವನು.

ನೀರುಗಂಟಿಯನ್ನು ಯಾವ ಮೆಟ್ಟಿಲಲ್ಲಿ ನಿಲ್ಲಿಸೋಣ? ಮರ್ಯಾದೆಯಲ್ಲಿ ಅವನು ಕೆಳಗಿನವನು. ಆದರೆ ತೂಬನ್ನು ಎಷ್ಟು ತೆರೆಯಬೇಕು, ಯಾವ ಪೈರು ಇನ್ನೊಂದು ದಿನ ತಾಳೀತು, ಕಾಲುವೆಯ ತುದಿಯ ಗದ್ದೆಗೆ ನೀರು ಮುಟ್ಟಿತೆ ಎಂಬುದನ್ನೆಲ್ಲ ಕಣ್ಣಳತೆಯಿಂದಲೇ ತೀರ್ಮಾನಿಸುವವನು ಅವನು. ನೀರು ಸಾಲದ ವರ್ಷ ಗೌಡನ ಗದ್ದೆಗೂ ಬಡವನ ಗದ್ದೆಗೂ ಸರದಿ ಒಂದೇ ಎನ್ನಲು ಕೈಚಳಕವಷ್ಟೇ ಸಾಲದು, ಎದೆಗಾರಿಕೆಯೂ ಬೇಕು. ಅವನ ಪ್ರತಿಫಲವಾದರೂ ಏನು? ಸುಗ್ಗಿಯ ಕಣದಲ್ಲಿ ಅಳೆದುಕೊಡುವ ಆಯ. ಊರಿನ ಪೈರು ಒಣಗಿದರೆ ಅವನ ಮನೆಯ ಒಲೆಯೂ ಆರಿತು. ಹೊಣೆಯನ್ನು ಹೊಟ್ಟೆಗೇ ಕಟ್ಟಿದ್ದರು!

ಹಳೆಯದನ್ನು ಹೊಗಳಿ ಮುಗಿಸುವುದು ಸುಲಭ. ಆದರೆ ಈ ಕೆಲಸ ವಂಶಪಾರಂಪರ್ಯವಾಗಿ ಬಂದದ್ದು. ಬಹುಮಟ್ಟಿಗೆ ಅಸ್ಪೃಶ್ಯರೆನಿಸಿಕೊಂಡವರ ಪಾಲಿನದು. ಊರ ಗದ್ದೆಗೆಲ್ಲ ನೀರುಣಿಸಿದ ಕೈ ಊರ ಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. ಹೊಣೆಯನ್ನು ಕೊಟ್ಟರು, ಅದಕ್ಕೆ ತಕ್ಕ ಸ್ಥಾನವನ್ನು ಕೊಡಲಿಲ್ಲ.

ಗ್ರಾಮಹುದ್ದೆಗಳನ್ನು ರದ್ದುಗೊಳಿಸಿದ 1961ರ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ಈ ವಂಶದ ಕಟ್ಟನ್ನು ಕಡಿಯಿತು. ಒಳ್ಳೆಯದೇ ಆಯಿತು. ಇಂದು ನೀರಾವರಿ ಇಲಾಖೆಯಲ್ಲಿ ಮುಖ್ಯ ಇಂಜಿನಿಯರರಿಂದ ಕಾಲುವೆ ಕಾಯುವವನವರೆಗೆ ಶ್ರೇಣಿಗಳಿವೆ. ಒಬ್ಬೊಬ್ಬರ ಅಧಿಕಾರಕ್ಕೂ ಬರೆದಿಟ್ಟ ಮಿತಿಯಿದೆ. ಆದರೂ ತುದಿಯ ಗದ್ದೆ ಒಣಗಿದಾಗ ಶ್ರೇಣಿಯ ಯಾವ ಮೆಟ್ಟಿಲಲ್ಲಿ ಒಲೆ ಆರುತ್ತದೆ?

ಕಟ್ಟೆಯಿಂದ ಹಿಂದಿರುಗುವಾಗ ನನಗೆ ತೋರಿದ್ದಿಷ್ಟು: ಹುದ್ದೆಯ ಎತ್ತರವನ್ನು ಸಂಬಳ ಅಳೆಯಲಿ, ಕುರ್ಚಿ ಅಳೆಯಲಿ, ಹೊಣೆಯ ಎತ್ತರವನ್ನು ಅಳೆಯಬೇಕಾದರೆ ತುದಿಯ ಗದ್ದೆಯವರೆಗೆ ನಡೆದೇ ಹೋಗಬೇಕು.