ಬೂತಾಯಿಯ ದಕ್ಕೆ ದರ ಮತ್ತು ಮೀನುಗಾರಿಕೆ ನಿಯಂತ್ರಣ

ಬೂತಾಯಿ (ಕೊಂಕಣಿಯಲ್ಲಿ ತಾರ್ಲೆ, ಮಲಯಾಳದಲ್ಲಿ ಮತ್ತಿ) ಹಿಂಡಾಗಿ ಬರುವ, ಬೇಗ ಕೆಡುವ ಮೀನು. ಹಾಗಾಗಿ ದಕ್ಕೆಯ ಏಲಂನಲ್ಲಿ ಅದರ ದರ ಒಂದೇ ಬೆಳಿಗ್ಗೆ ಏರಿ ಕುಸಿಯಬಲ್ಲದು. ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ಚಿಲ್ಲರೆ ದರ. ದೋಣಿಯವರ ಕೈಸೇರುವ ಹಣ ಬೇರೆ. ಇವೆರಡನ್ನು ಬೆರೆಸಿದ ಕಡೆ ಲೆಕ್ಕ ತಪ್ಪುತ್ತದೆ.

ಬೂತಾಯಿ ಕೆಲವು ವರ್ಷ ಯಥೇಚ್ಛವಾಗಿ ಬಂದು ಕೆಲವು ವರ್ಷ ಮಾಯವಾಗುವುದನ್ನು ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ 1865ರಲ್ಲೇ ದಾಖಲಿಸಿದ್ದಾನೆ. ಹೇರಳವಾಗಿ ಸಿಕ್ಕಾಗ ಮೀನು ಬೇಯಿಸಿ ಎಣ್ಣೆ ತೆಗೆದು, ಉಳಿದದ್ದನ್ನು ಗೊಬ್ಬರ ಮಾಡುತ್ತಿದ್ದರು. ತಿನ್ನುವವರು ಸಾಲದ ದಿನ ದರವನ್ನು ಎತ್ತಿಹಿಡಿಯುತ್ತಿದ್ದುದು ಎಣ್ಣೆ-ಗೊಬ್ಬರದ ಈ ಬೇಡಿಕೆಯೇ.

ನಿಯಂತ್ರಣದ ಚರಿತ್ರೆಯನ್ನು ಸಾಮಾನ್ಯವಾಗಿ 1986ರ ಕರ್ನಾಟಕ ಸಾಗರ ಮೀನುಗಾರಿಕೆ ಕಾಯ್ದೆಯಿಂದ ಆರಂಭಿಸುತ್ತಾರೆ. ಅದಕ್ಕೂ ನಾಲ್ಕು ದಶಕ ಮೊದಲು, 1943ರಲ್ಲಿ, ದಕ್ಷಿಣ ಕನ್ನಡವೂ ಸೇರಿದ್ದ ಮದರಾಸು ಪ್ರಾಂತ್ಯದ ಸರ್ಕಾರ ಮರಿ ಹಾಗೂ ಮೊಟ್ಟೆಯ ಬೂತಾಯಿ ಹಿಡಿಯುವುದಕ್ಕೆ ನಿರ್ಬಂಧ ಹೇರಿತ್ತು. ಮಿತಿಮೀರಿ ಮೀನು ಹಿಡಿದದ್ದೇ ಕೊರತೆಗೆ ಕಾರಣ ಎಂಬ ವಿಜ್ಞಾನಿ ದೇವನೇಶನ್ ಅವರ ವಾದ ಇದಕ್ಕೆ ಆಧಾರ. 1947ರಲ್ಲಿ ನಿರ್ಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ನಂತರದ ಸಂಶೋಧಕರಲ್ಲಿ ಹಲವರು ಮಳೆ, ಕಡಲಿನ ಉಷ್ಣತೆ, ಆಳದ ತಣ್ಣೀರು ಮೇಲೇಳುವ ಕ್ರಮಗಳತ್ತ ಬೊಟ್ಟುಮಾಡಿದರು. ವಾದ ಇನ್ನೂ ಮುಗಿದಿಲ್ಲ.

1970ರ ದಶಕದ ಮಧ್ಯಭಾಗದಲ್ಲಿ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂತು. ಊರವರೆಲ್ಲ ಸೇರಿ ದಡಕ್ಕೆಳೆಯುತ್ತಿದ್ದ ರಂಪಣಿ ಬಲೆ ಸೊರಗಿತು. ಆ ದಶಕದ ಕೊನೆಯಲ್ಲಿ ರಂಪಣಿಯವರಿಗೂ ಪರ್ಸೀನ್‌ನವರಿಗೂ ನಡೆದ ಸಂಘರ್ಷ ಪರಿಚಿತವೇ. ದರದ ದೃಷ್ಟಿಯಿಂದ ಮುಖ್ಯವಾದದ್ದು ಬೇರೆ: ಮರಳದಂಡೆಗಳಲ್ಲಿ ಹಂಚಿಹೋಗುತ್ತಿದ್ದ ಮೀನು ಮಂಗಳೂರು, ಮಲ್ಪೆಯಂಥ ಬಂದರುಗಳಲ್ಲಿ ಒಟ್ಟಾಗಿ ಇಳಿಯತೊಡಗಿತು. ಮೀನುಹಿಟ್ಟಿನ ಕಾರ್ಖಾನೆಗಳು ಹಳೆಯ ಎಣ್ಣೆ-ಗೊಬ್ಬರದ ಜಾಗಕ್ಕೆ ಬಂದವು. ತಿನ್ನಲು ಬಾರದ ಮರಿಗೂ ಅಲ್ಲಿ ಗಿರಾಕಿಯಿದೆ. 1986ರ ಕಾಯ್ದೆ ದೋಣಿ, ಬಲೆ, ಪ್ರದೇಶ, ಅವಧಿಗಳನ್ನು ಕಟ್ಟುಪಾಡಿಗೆ ತಂದಿತು. ಮರಿಮೀನಿಗೆ ಸಿಗುವ ಈ ಬೆಲೆ ಅದರ ಕೈಗೆ ಸಿಗಲಿಲ್ಲ. ಕೇರಳ 2015ರಲ್ಲಿ ಬೂತಾಯಿಗೆ 10 ಸೆಂ.ಮೀ. ಕನಿಷ್ಠ ಉದ್ದ ಗೊತ್ತುಪಡಿಸಿದ್ದು ಈ ಸಮಸ್ಯೆಗೇ.

ಮೀನಿನ ಏರಿಳಿತ ಮಾತ್ರ ನಿಂತಿಲ್ಲ: ಆ ನೆರೆರಾಜ್ಯದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಬೂತಾಯಿಯ ವಾರ್ಷಿಕ ಇಳುವರಿ 2021ರಲ್ಲಿ 3,297 ಟನ್ನಿಗೆ ಇಳಿಯಿತೆಂದು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅಂದಾಜಿಸಿದೆ.

2015ರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಆಚೆಯ ಮೀನು ಲಾರಿಯಲ್ಲಿ ಇಲ್ಲಿನ ಮಾರುಕಟ್ಟೆಗೆ ಬರುತ್ತದೆ. ನಾಡದೋಣಿಯವರು ಮಳೆಗಾಲದಲ್ಲಿ ಪಡೆಯಬಹುದಾದ ದರಕ್ಕೆ ಅದೇ ಪೈಪೋಟಿ.