ತುರುವೂ ಬಸವನೂ: ವೀರಗಲ್ಲಿನಲ್ಲಿ ಎರಡು ಹೆಸರು

ಶಿಕಾರಿಪುರ, ಸೊರಬ ಸೀಮೆಯಲ್ಲಿ ದೇವಾಲಯಗಳ ಮಗ್ಗುಲಲ್ಲಿಯೂ ಕೆರೆಯ ಏರಿಗಳ ಮೇಲೆಯೂ ನಿಂತಿರುವ ವೀರಗಲ್ಲುಗಳು ಹಲವಾರು. ಅವುಗಳಲ್ಲಿ ಒಂದು ಬಗೆ ತುರುಗೋಳಿನ ಕಲ್ಲು. ವೈರಿಗಳು ಹೊಡೆದುಕೊಂಡು ಹೋದ ಗೋವುಗಳನ್ನು ಮರಳಿ ತರಲು ಹೋರಾಡಿ ಮಡಿದವನ ನೆನಪು ಅದು. ಸಾಮಾನ್ಯವಾಗಿ ಇಂತಹ ಕಲ್ಲಿಗೆ ಮೂರು ಪಟ್ಟಿಕೆಗಳು. ಕೆಳಗೆ ಕಾಳಗವೂ ದನಗಳ ಹಿಂಡೂ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗ, ಅದರ ಸನ್ನಿಧಿಯಲ್ಲಿ ವೃಷಭ. ಒಂದೇ ಕುಲದ ಪ್ರಾಣಿ ಒಂದೇ ಕಲ್ಲಿನಲ್ಲಿ ಎರಡು ಬಾರಿ ಮೂಡಿದೆ. ಕೆಳಗೆ ಅದು ತುರು, ಮೇಲೆ ಬಸವ.

ತುರು ಎಂಬುದು ಹಳಗನ್ನಡದ ಮಾತು. ಗೋವು, ಗೋವುಗಳ ಹಿಂಡು ಎಂದು ಅರ್ಥ. ಅದಕ್ಕಾಗಿ ಜನ ಪ್ರಾಣವನ್ನೇಕೆ ಕೊಟ್ಟರೆಂಬುದನ್ನು ಇನ್ನೊಂದು ಹೆಸರು ತಿಳಿಸುತ್ತದೆ. ‘ದನ’ವು ಸಂಸ್ಕೃತದ ‘ಧನ’ದ ತದ್ಭವ. ಹಟ್ಟಿಯಲ್ಲಿದ್ದುದೇ ಐಶ್ವರ್ಯ. ದೂರದ ರೋಮಿನವರೂ ಹೀಗೆಯೇ ಎಣಿಸಿದ್ದರು: ಅವರ ಭಾಷೆಯಲ್ಲಿ ‘ಪೆಕುಸ್’ ಎಂದರೆ ಸಾಕುಪ್ರಾಣಿಗಳ ಹಿಂಡು, ಅದರಿಂದಲೇ ಹಣಕ್ಕೆ ‘ಪೆಕೂನಿಯ’ ಎಂಬ ಹೆಸರು. ಆ ಪೆಕುಸ್ ನಮ್ಮ ‘ಪಶು’ವಿನ ಒಡಹುಟ್ಟು, ಪಶುವೇ ಪಸುವಾಗಿ, ಹಸುವಾಗಿ ಕನ್ನಡದ ಮನೆ ಸೇರಿತು. ಸೊರಬವಂತೂ ತನ್ನ ಹೆಸರನ್ನೇ ಗೋವಿನಿಂದ ಪಡೆದ ಊರು. ಕಾಮಧೇನುವಾದ ಸುರಭಿಯ ಪುರವೇ ಸೊರಬವಾಯಿತೆಂಬುದು ಅಲ್ಲಿಯ ಐತಿಹ್ಯ.

ನೇಗಿಲೆಳೆಯುವ ‘ಎತ್ತು’ ದ್ರಾವಿಡದ ಅಚ್ಚ ಪದ. ತಮಿಳಿನ ಎರುದು, ತೆಲುಗಿನ ಎದ್ದು, ತುಳುವಿನ ಎರು ಅದರ ಬಂಧುಗಳು. ‘ಬಸವ’ನ ಮೂಲ ಬೇರೆ. ಸಂಸ್ಕೃತದ ವೃಷಭ ಪ್ರಾಕೃತದಲ್ಲಿ ವಸಹವಾಯಿತು, ಕನ್ನಡದಲ್ಲಿ ಬಸವನಾಯಿತು. ವನ ಬನವಾದಂತೆ, ವೀರ ಬೀರನಾದಂತೆ ಇಲ್ಲಿಯೂ ವಕಾರ ಬಕಾರವಾಗಿದೆ. ವೃಷಭದ ಧಾತುವಿಗೆ ಸುರಿಸು, ಮಳೆಗರೆ ಎಂದರ್ಥ. ವೃಷ್ಟಿ, ವರ್ಷ ಎಂಬ ಪದಗಳೂ ಅದರವೇ. ಮಳೆಯನ್ನೇ ನೆಚ್ಚಿ ಗದ್ದೆಗಿಳಿಯುವ ಈ ಸೀಮೆಗೆ ಒಪ್ಪುವ ಹೆಸರು!

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠದಲ್ಲಿ ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ಅದು ಬಿಜ್ಜಳನ ಕಾಲ. ಕಲ್ಯಾಣದಲ್ಲಿ ಶರಣರು ಕನ್ನಡದಲ್ಲಿ ವಚನಗಳನ್ನು ನುಡಿಯುತ್ತಿದ್ದ ಕಾಲವೂ ಅದೇ. ಅಲ್ಲಮಪ್ರಭುಗಳು ಈ ಬಳ್ಳಿಗಾವಿಯವರೆಂದು ಪರಂಪರೆ ನಂಬುತ್ತದೆ. ಪಂಡಿತರು ‘ವೃಷಭ’ವನ್ನು ಸೂತ್ರ ಹಿಡಿದು ಸಾಧಿಸುತ್ತಿದ್ದ ಆ ದಿನಗಳಲ್ಲಿ ಕಲ್ಯಾಣದ ಶರಣರು ತಮ್ಮ ಅಗ್ರಗಣ್ಯರನ್ನು ಕರೆದದ್ದು ಒಕ್ಕಲಿನ ಬಾಯಲ್ಲಿ ಸವೆದು ನುಣುಪಾದ ರೂಪದಿಂದ: ಬಸವಣ್ಣ. ವೃಷಭನಾಥನೆಂದಲ್ಲ, ವೃಷಭೇಂದ್ರನೆಂದಲ್ಲ. ‘ಅಣ್ಣ’ ಎಂಬುದಂತೂ ಮನೆಯ ಮಾತೇ. 1369ರಲ್ಲಿ ಭೀಮಕವಿ ನಂದಿಯ ಅವತಾರವೆಂದು ಅವರ ಚರಿತೆಯನ್ನು ಹಾಡಿದಾಗಲೂ ಕಾವ್ಯದ ಹೆಸರು ಬಸವಪುರಾಣವೇ.

ಹೆಸರು ಅಲ್ಲಿಗೆ ನಿಲ್ಲಲಿಲ್ಲ. ದೇವರಿಗೆ ಬಿಟ್ಟ ಗೂಳಿ ಬಸವ. ಕೊಂಬಿಗೆ ಬಣ್ಣ ಹಚ್ಚಿ, ಮೈಮೇಲೆ ಗೌಸು ಹೊದಿಸಿ ಮನೆಮನೆಗೆ ಕರೆತರುವುದು ಕೋಲೆಬಸವ. ದೀಪಾವಳಿಯ ತರುವಾಯ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಹೋರಿ ಹಬ್ಬಕ್ಕೆ ಸಿಂಗರಿಸಿ ಓಡಿಸುವ ಹೋರಿಯನ್ನೂ ಒಡೆಯ ಮೈದಡವಿ ಬಸವನೆಂದೇ ಕರೆದಾನು. ಅವನ ಹೆಸರು ಬಸಪ್ಪನೋ ಬಸವರಾಜನೋ ಇದ್ದರೆ ಆ ಊರಿನಲ್ಲಿ ಅದು ಯಾರಿಗೂ ವಿಶೇಷವೆನಿಸುವುದಿಲ್ಲ.