ಮನೆಯಲ್ಲಿ ಯಾರಿಗಾದರೂ ಉಸಿರು ತಡವಾಗಿತ್ತೇ?

ನಾನು ಅರಿವಳಿಕೆ ಕೆಲಸ ಕಲಿತ ಕಾಲದಲ್ಲಿ, ಸ್ನಾಯು ಸಡಿಲಿಸುವ ಸ್ಕೋಲಿನ್ ಎಂಬ ಮದ್ದು ಇಲ್ಲದೆ ದಿನ ಸಾಗುತ್ತಿರಲಿಲ್ಲ. ಚುಚ್ಚಿದ ಕ್ಷಣಕ್ಕೆ ರೆಪ್ಪೆ, ಭುಜ, ಕಾಲ್ಬೆರಳು ಸಣ್ಣಗೆ ಅದುರಿ ಮೈಯೆಲ್ಲ ಸಡಿಲವಾಗುತ್ತಿತ್ತು. ಗಂಟಲಿಗೆ ಟ್ಯೂಬ್ ಇಳಿಸುವಷ್ಟು ಹೊತ್ತು ಸಿಕ್ಕರೆ ಸಾಕು. ಐದು-ಹತ್ತು ನಿಮಿಷದಲ್ಲಿ ಉಸಿರು ತಾನೇ ಮರಳುತ್ತಿತ್ತು.

ಒಂದು ದಿನ ಮರಳಲಿಲ್ಲ. ಅಪೆಂಡಿಕ್ಸ್ ಆಪರೇಷನ್ನಿಗೆ ಬಂದಿದ್ದ, ಕಿರಾಣಿ ಅಂಗಡಿ ಶೆಟ್ಟರ ಮಗ. ಹೊಲಿಗೆ ಮುಗಿದರೂ ಎದೆ ಏಳಲಿಲ್ಲ. ನಾನೂ ನರ್ಸಮ್ಮನೂ ಸರದಿಯ ಮೇಲೆ ಕಪ್ಪು ರಬ್ಬರ್ ಬ್ಯಾಗ್ ಒತ್ತುತ್ತ ಕೂತೆವು. ಕೈಕಾಲು ಆಡದಿದ್ದರೂ ಎಚ್ಚರವಾಗಿಬಿಡಬಹುದೆಂದು ನಿದ್ದೆಯ ಮದ್ದನ್ನು ನಿಲ್ಲಿಸಲಿಲ್ಲ. ನಾಲ್ಕು ಗಂಟೆ ಕಳೆದ ಮೇಲೆ ಹುಬ್ಬು ಅಲುಗಿತು. ಹೊರಗೆ ಕಾದಿದ್ದ ಅಜ್ಜಿ ಹೇಳಿದರು: "ನಮ್ಮಣ್ಣಂಗೂ ಹಿಂಗೇ ಆಗಿತ್ತು ಡಾಕ್ಟ್ರೇ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಸ್ಕೋಲಿನ್ನಿನ ಚರಿತ್ರೆಯಲ್ಲೂ ಹೀಗೆ ಕಣ್ಣು ತಪ್ಪಿದ್ದುಂಟು. 1906ರಲ್ಲಿ ಹಂಟ್ ಮತ್ತು ಟಾವೊ ಎಂಬಿಬ್ಬರು ಇದನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿದರು. ಆ ಪ್ರಾಣಿಗಳಿಗೆ ಮೊದಲೇ ಕ್ಯುರಾರೆ ಕೊಟ್ಟು ಸ್ನಾಯು ಸಡಿಲಿಸಿದ್ದರಿಂದ ಇದರ ನಿಜವಾದ ಗುಣ ಕಾಣಿಸಲೇ ಇಲ್ಲ. 1949ರಲ್ಲಿ ಡೇನಿಯಲ್ ಬೋವೆ ಅದನ್ನು ತೋರಿಸಿಕೊಟ್ಟರು. 1951ಕ್ಕೆ ಯೂರೋಪಿನ ಥಿಯೇಟರುಗಳಿಗೆ ಮದ್ದು ಬಂತು. ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಇದನ್ನು ಒಡೆಯುತ್ತದೆ. ಕೆಲವರಲ್ಲಿ ಆ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುತ್ತದೆಂದು 1957ರಲ್ಲಿ ಟೊರಾಂಟೊದ ವರ್ನರ್ ಕಾಲೊ ಡಿಬುಕೇನ್ ಪರೀಕ್ಷೆಯಿಂದ ಅಳೆದು ತೋರಿಸಿದರು. ಸಾಮಾನ್ಯರಲ್ಲಿ ಆ ಪರೀಕ್ಷೆಯ ಅಂಕಿ 80ರ ಆಸುಪಾಸು, ದೋಷವುಳ್ಳವರಲ್ಲಿ 20.

ನಮ್ಮ ಕಡೆ ಈ ದೋಷದ ಕಥೆ ಮದುವೆಯ ಪದ್ಧತಿಯೊಳಗಿದೆ. ಆ ಶೆಟ್ಟರ ಸಮುದಾಯದವರು, ಕನ್ನಿಕಾಪರಮೇಶ್ವರಿಯ ಒಕ್ಕಲಾದ ಆರ್ಯವೈಶ್ಯರು, ತಮ್ಮೊಳಗೇ ಕೊಟ್ಟು ತಂದವರು. ಸೋದರಮಾವನ ಮಗಳನ್ನು ತರುವುದೂ ರೂಢಿ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯವರೂ ಹಾರ್ವರ್ಡಿನವರೂ ಕೂಡಿ 2009ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನದ ಪ್ರಕಾರ, ಈ ಒಳಮದುವೆ ಎರಡು ಸಾವಿರ ವರ್ಷಕ್ಕೂ ಹಳೆಯದು. 2006ರಲ್ಲಿ ಕೊಯಮತ್ತೂರಿನ ಸಂಶೋಧಕರು ಈ ಸಮುದಾಯದಲ್ಲಿ ಕಿಣ್ವವನ್ನು ಕೆಡಿಸುವ ಒಂದು ಮಾರ್ಪಾಟನ್ನು ಗುರುತಿಸಿದರು. ಬೇರೆಯವರಿಗೆ ಹೋಲಿಸಿದರೆ ಈ ಕಿಣ್ವದ ಕೊರತೆ ಇವರಲ್ಲಿ ನೂರು ಪಟ್ಟು ಹೆಚ್ಚು.

ಇದು ಯಾರ ಕುಲದ ಕಳಂಕವೂ ಅಲ್ಲ. ಎಲ್ಲ ಜನಾಂಗಗಳಲ್ಲೂ ಇದೆ. ಉಂಡು, ದುಡಿದು, ನೂರು ವರ್ಷ ಬಾಳಲು ಈ ಕೊರತೆ ಅಡ್ಡಿಯಲ್ಲ. ಆಪರೇಷನ್ನಿನಲ್ಲಿ ಸ್ಕೋಲಿನ್ ಬದಲಿಗೆ ರೋಕುರೋನಿಯಂ ಎಂಬ ಮದ್ದು ಕೊಟ್ಟರೆ ಆಯಿತು. ಆದರೆ ಗೊತ್ತಿದ್ದರೆ ತಾನೇ ಬದಲಿಸುವುದು? ಆ ಅಜ್ಜಿಯ ಮಾತಿನ ನಂತರ ನಾನು ಜಾತಿ ನೋಡದೆ ಪ್ರತಿ ರೋಗಿಯನ್ನೂ ಕೇಳಿದೆ: ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಉಸಿರು ತಡವಾಗಿತ್ತೇ?

ಹಾಗೆ ಆಗಿದ್ದರೆ ಡಾಕ್ಟರಿಂದ ಒಂದು ಚೀಟಿ ಬರೆಸಿಕೊಳ್ಳಿ, ಒಡಹುಟ್ಟಿದವರ ರಕ್ತವನ್ನೂ ಪರೀಕ್ಷೆ ಮಾಡಿಸಿ. ಮುಂದೆ ಯಾವ ಆಪರೇಷನ್ ಇದ್ದರೂ, ಅರಿವಳಿಕೆ ಕೊಡುವವರು ಕೇಳದಿದ್ದರೂ, ಆ ಚೀಟಿಯನ್ನು ಅವರ ಕೈಗಿಡಿ.